ತನ್ನನ್ನೇ ಹುಡುಕಿದ ಪತ್ತೇದಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ‘ಮರ್ಡಾಕ್ ಮಿಸ್ಟರೀಸ್’ ಧಾರಾವಾಹಿಯ ಅಭಿಮಾನಿಗಳು ಕಲೆತಾಗ ಒಂದು ಕಂತಿನ ಮಾತು ಬಂದೇ ಬರುತ್ತದೆ. ಅದು 2010ರಲ್ಲಿ ಪ್ರಸಾರವಾದ ಮೂರನೆಯ ಸೀಸನ್‌ನ ಮೊದಲ ಕಂತು, ‘ದ ಮರ್ಡಾಕ್ ಐಡೆಂಟಿಟಿ’. ಕೆಲವರಿಗೆ ಅದು ಇಡೀ ಧಾರಾವಾಹಿಯಲ್ಲೇ ಅಚ್ಚುಮೆಚ್ಚಿನದು. ಇನ್ನು ಕೆಲವರು, ನೆನಪು ಹೋಗುವ ಕಥೆಯೆಂದರೆ ಸವೆದ ತಂತ್ರ, ಅಂಥದ್ದಕ್ಕೆ ನಮ್ಮ ಮರ್ಡಾಕ್‌ನನ್ನು ಏಕೆ ಸಿಕ್ಕಿಸಬೇಕಿತ್ತು ಎಂದು ಕೇಳುತ್ತಾರೆ. ನಾನು ಮೊದಲನೆಯ ಗುಂಪಿನವನು. ಎರಡನೆಯವರ ವಾದದಲ್ಲೂ ಹುರುಳಿದೆ. ಅದನ್ನು ಬದಿಗೊತ್ತದೆ ನನ್ನ ಮಾತು ಹೇಳುತ್ತೇನೆ.

ಧಾರಾವಾಹಿಯನ್ನು ನೋಡದವರಿಗಾಗಿ ಒಂದೆರಡು ಸಂಗತಿ. ಕಥೆ ಆರಂಭವಾಗುವುದು 1890ರ ದಶಕದ ಟೊರಾಂಟೊ ನಗರದಲ್ಲಿ. ವಿಲಿಯಂ ಮರ್ಡಾಕ್ ನಾಲ್ಕನೆಯ ನಂಬರಿನ ಪೊಲೀಸ್ ಠಾಣೆಯ ಪತ್ತೇದಾರ. ಪ್ರೊಟೆಸ್ಟಂಟರ ಪ್ರಾಬಲ್ಯವಿದ್ದ ಊರಿನಲ್ಲಿ ಆತ ಶ್ರದ್ಧಾವಂತ ಕ್ಯಾಥೊಲಿಕ್. ಸೈಕಲ್ ತುಳಿದುಕೊಂಡು ಓಡಾಡುತ್ತಾನೆ, ವಿಜ್ಞಾನದ ಹೊಸ ಸಲಕರಣೆಗಳನ್ನು ತನಿಖೆಗೆ ತರುತ್ತಾನೆ, ಬೆರಳ ಗುರುತಿನಲ್ಲಿ ಅವನಿಗೆ ಅಪಾರ ನಂಬಿಕೆ. ಮೇಲಧಿಕಾರಿ ಬ್ರ್ಯಾಕನ್‌ರೀಡ್ ಗದರುವ ಸ್ವಭಾವದವನು. ಕಾನ್‌ಸ್ಟೇಬಲ್ ಜಾರ್ಜ್ ಕ್ರ್ಯಾಬ್‌ಟ್ರೀ ಕಲ್ಪನೆಯ ಕುದುರೆ ಏರಿದವನು. ಶವಪರೀಕ್ಷೆ ನಡೆಸುವ ಡಾಕ್ಟರ್ ಜೂಲಿಯಾ ಆಗ್ಡನ್ ಮೇಲೆ ಮರ್ಡಾಕ್‌ಗೆ ಒಲವು. ಮೌರೀನ್ ಜೆನ್ನಿಂಗ್ಸ್ ಅವರ ಕಾದಂಬರಿಗಳಿಂದ ಹುಟ್ಟಿದ ಈ ಧಾರಾವಾಹಿ ಆರಂಭವಾದದ್ದು 2008ರಲ್ಲಿ. ಮರ್ಡಾಕ್ ಪಾತ್ರದಲ್ಲಿ ಯಾನಿಕ್ ಬಿಸ್ಸನ್, ಜೂಲಿಯಾ ಪಾತ್ರದಲ್ಲಿ ಹೆಲೆನ್ ಜಾಯ್ ನಟಿಸಿದ್ದಾರೆ.

ನಾನು ಹೇಳುತ್ತಿರುವ ಕಂತಿನಲ್ಲಿ ಮರ್ಡಾಕ್ ಎಚ್ಚರಗೊಳ್ಳುವುದು ಟೊರಾಂಟೊದಲ್ಲಲ್ಲ, ಅಟ್ಲಾಂಟಿಕ್ ಸಾಗರದ ಆಚೆಗಿನ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಹೆಸರು ನೆನಪಿಲ್ಲ, ಊರು ನೆನಪಿಲ್ಲ, ಇಲ್ಲಿಗೆ ಬಂದದ್ದೇಕೆಂದು ಗೊತ್ತಿಲ್ಲ. ಬೆನ್ನಟ್ಟಿ ಬರುವ ಜನ ಬೇರೆ. ಅನಾ ಫುಲ್‌ಫರ್ಡ್ ಎಂಬ ಹೆಂಗಸು ಅವನಿಗೆ ಆಸರೆಯಾಗುತ್ತಾಳೆ. ಇತ್ತ ಟೊರಾಂಟೊದಲ್ಲಿ ಅವನ ಸಂಗಡಿಗರು ಕಾಣೆಯಾದವನಿಗಾಗಿ ಹುಡುಕುತ್ತಿರುತ್ತಾರೆ.

ಈ ಕಂತು ನನಗೆ ಹಿಡಿಸಿದ ಕಾರಣವನ್ನು ಹೇಳಿಬಿಡುತ್ತೇನೆ. ಪತ್ತೇದಾರಿ ಕಥೆಯಲ್ಲಿ ಪತ್ತೇದಾರ ಯಾವಾಗಲೂ ನಮಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ. ಅವನು ಕಂಡದ್ದನ್ನೇ ನಾವೂ ಕಂಡಿರುತ್ತೇವೆ, ಆದರೆ ಅವನಿಗೆ ಹೊಳೆದದ್ದು ನಮಗೆ ಹೊಳೆದಿರುವುದಿಲ್ಲ. ಕೊನೆಯಲ್ಲಿ ಅವನು ಬಿಡಿಸಿ ಹೇಳುವವರೆಗೆ ನಾವು ಕಾಯಬೇಕು. ಈ ಕಂತಿನಲ್ಲಿ ಆ ವ್ಯವಸ್ಥೆ ತಲೆಕೆಳಗಾಗುತ್ತದೆ. ಅವನ ಹೆಸರು ನಮಗೆ ಗೊತ್ತು. ಅವನ ವೃತ್ತಿ, ಅವನ ದೇವರು, ಅವನು ಪ್ರೀತಿಸುವ ಹೆಣ್ಣು, ಎಲ್ಲವೂ ನಮಗೆ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ. ಎರಡು ಸೀಸನ್‌ಗಳ ಕಾಲ ಅವನ ಹಿಂದೆ ನಡೆದ ನಾವು ಈಗ ಅವನ ಮುಂದೆ ನಿಂತು, ‘ಇತ್ತ ಬಾ, ಸರಿಯಾದ ದಾರಿ ಇದು’ ಎಂದು ಮನಸ್ಸಿನಲ್ಲೇ ಕೂಗುತ್ತೇವೆ. ಅವನು ತನ್ನ ಅಭ್ಯಾಸದ ರೀತಿಯಲ್ಲಿಯೇ ಒಂದೊಂದು ಸುಳಿವನ್ನು ತೂಗಿ ನೋಡುತ್ತಾನೆ. ಹುಡುಕುವವನೂ ಅವನೇ, ಸಿಗಬೇಕಾದವನೂ ಅವನೇ.

ಅಭಿಮಾನಿಗಳ ಮೊದಲ ತಕರಾರು ವೈದ್ಯಶಾಸ್ತ್ರದ್ದು. ಹೆಸರೇ ಮರೆತವನಿಗೆ ತರ್ಕ ಮಾಡುವುದು ಮಾತ್ರ ನೆನಪಿರಲು ಹೇಗೆ ಸಾಧ್ಯ? ಇದಕ್ಕೆ ಉತ್ತರವಿದೆ, ಅದರ ಒಂದು ತುದಿ ಕೆನಡಾದಲ್ಲೇ ಇದೆ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಅಪಸ್ಮಾರ ಗುಣವಾಗಲೆಂದು ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆಮೇಲೆ ಅವನಲ್ಲಿ ಹೊಸ ನೆನಪುಗಳು ನಿಲ್ಲಲೇ ಇಲ್ಲ. ಮಾಂಟ್ರಿಯಲ್‌ನ ವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯಬೇಕು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಹಿಂದೆಂದಾದರೂ ಇದನ್ನು ಮಾಡಿದ್ದ ನೆನಪು ಮಾತ್ರ ಅವನಿಗೆ ಇರಲಿಲ್ಲ. ಬದುಕಿನ ಘಟನೆಗಳ ನೆನಪು ಬೇರೆ, ಕೈಗೂಡಿದ ಕೌಶಲದ ನೆನಪು ಬೇರೆ, ಮಿದುಳಿನಲ್ಲಿ ಅವೆರಡರ ದಾರಿಗಳೂ ಬೇರೆ ಎಂಬ ತಿಳಿವಳಿಕೆಗೆ ಆ ಪ್ರಯೋಗ ಅಡಿಗಲ್ಲಾಯಿತು. ಹಾಗಾಗಿ ಹೆಸರು ಮರೆತ ಮರ್ಡಾಕ್‌ನಲ್ಲಿ ಪತ್ತೇದಾರನ ಕಣ್ಣು ಉಳಿದದ್ದನ್ನು ಕಟ್ಟುಕಥೆ ಎಂದು ನಾನು ತಳ್ಳಿಹಾಕಲಾರೆ.

ಆದರೆ ತಕರಾರು ಮಾಡುವವರು ಇನ್ನೊಂದು ಮಾತು ಹೇಳುತ್ತಾರೆ, ಅದನ್ನು ಒಪ್ಪಲೇಬೇಕು. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಆ ಪೆಟ್ಟಿನ ಆಸುಪಾಸಿನ ಸಮಯವನ್ನು. ತಾನು ಯಾರೆಂಬುದನ್ನೇ ಮರೆಯುವುದು ತೀರಾ ಅಪರೂಪ. ಹಾಗೆ ಮರೆತಾಗ ವೈದ್ಯರು ಪೆಟ್ಟಿಗಿಂತ ಹೆಚ್ಚಾಗಿ ಮನಸ್ಸಿನ ಆಘಾತದಲ್ಲಿ ಕಾರಣ ಹುಡುಕುತ್ತಾರೆ. ಎರಡನೆಯ ಪೆಟ್ಟು ಬಿದ್ದೊಡನೆ ಎಲ್ಲವೂ ಮರಳಿ ಬರುವುದಂತೂ ಪರದೆಯ ಮೇಲಷ್ಟೇ ನಡೆಯುವ ಮಾತು. ನಮ್ಮ ಸಿನಿಮಾ, ಧಾರಾವಾಹಿಗಳನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ನಿಜ ಪ್ರಕರಣವನ್ನು ಹೇಳಬೇಕು. ಅದು ನಡೆದದ್ದು ಮರ್ಡಾಕ್‌ನ ಕಾಲಕ್ಕೆ ಕೆಲವೇ ವರ್ಷ ಮೊದಲು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಆನ್ಸೆಲ್ ಬೋರ್ನ್ ಎಂಬ ಧರ್ಮಪ್ರಚಾರಕನಿದ್ದ, ಹಿಂದೆ ಬಡಗಿಯಾಗಿದ್ದವನು. 1887ರ ಜನವರಿ 17ರಂದು ಅವನು ಪ್ರಾವಿಡೆನ್ಸ್ ನಗರದ ಬ್ಯಾಂಕಿನಿಂದ 551 ಡಾಲರ್ ತೆಗೆದುಕೊಂಡ, ಕೆಲವು ಬಾಕಿಗಳನ್ನು ತೀರಿಸಿದ, ಕುದುರೆ ಎಳೆಯುವ ಟ್ರಾಮ್ ಹತ್ತಿದ. ಅಲ್ಲಿಂದ ಮುಂದೆ ಅವನ ಸುದ್ದಿಯಿಲ್ಲ. ಪತ್ರಿಕೆಗಳಲ್ಲಿ ಪ್ರಕಟಣೆ ಬಂತು, ಪೊಲೀಸರು ಹುಡುಕಿದರು. ಮಾರ್ಚ್ 14ರ ಬೆಳಗ್ಗೆ ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ಎ. ಜೆ. ಬ್ರೌನ್ ಎಂಬ ಅಂಗಡಿಕಾರ ಗಾಬರಿಯಿಂದ ಎದ್ದು, ತಾನೆಲ್ಲಿದ್ದೇನೆಂದು ಮನೆಯವರನ್ನು ಕೇಳಿದ. ಆರು ವಾರಗಳಿಂದ ಅವನು ಅಲ್ಲಿ ಪುಟ್ಟ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಕಾಗದ, ಲೇಖನ ಸಾಮಗ್ರಿ, ಮಿಠಾಯಿ, ಹಣ್ಣು ಮಾರುತ್ತಿದ್ದ. ಯಾರಿಗೂ ಅವನಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಆ ಬೆಳಗ್ಗೆ ಅವನು, ತನ್ನ ಹೆಸರು ಆನ್ಸೆಲ್ ಬೋರ್ನ್, ಅಂಗಡಿ ವ್ಯಾಪಾರ ತನಗೇನೂ ಗೊತ್ತಿಲ್ಲ, ಬ್ಯಾಂಕಿನಿಂದ ಹಣ ತೆಗೆದದ್ದು ನಿನ್ನೆ ಮೊನ್ನೆಯಷ್ಟೇ ಎಂದ. ನಡುವೆ ಸುಮಾರು ಎರಡು ತಿಂಗಳು ಕಳೆದಿವೆ ಎಂದರೆ ನಂಬಲು ಒಪ್ಪಲಿಲ್ಲ.

1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಈ ಬೋರ್ನ್‌ನನ್ನು ಸಂಮೋಹನಕ್ಕೆ ಒಳಪಡಿಸಿದರು. ಸಂಮೋಹನದಲ್ಲಿ ಬ್ರೌನ್ ಮರಳಿ ಬಂದ! ಕಾಣೆಯಾದ ದಿನಗಳ ಕಥೆಯನ್ನು ಹೇಳಿದ; ಆದರೆ ಬೋರ್ನ್‌ನ ಹೆಂಡತಿಯ ಗುರುತು ಅವನಿಗೆ ಹತ್ತಲಿಲ್ಲ. ಇಬ್ಬರನ್ನೂ ಒಂದೇ ಸ್ಮೃತಿಯೊಳಗೆ ಕೂಡಿಸುವ ಜೇಮ್ಸ್ ಅವರ ಯತ್ನ ಫಲಿಸಲಿಲ್ಲ. ನೆನಪು ಕಳೆದುಕೊಂಡ ಗೂಢಚಾರನೊಬ್ಬನ ಜನಪ್ರಿಯ ಕಾದಂಬರಿ ‘ದ ಬೋರ್ನ್ ಐಡೆಂಟಿಟಿ’ಯ ನಾಯಕನಿಗೆ ಬೋರ್ನ್ ಎಂಬ ಹೆಸರು ಬಂದದ್ದು ಈ ಪ್ರಚಾರಕನಿಂದಲೇ ಎಂದು ಹಲವರು ನಂಬುತ್ತಾರೆ. ಮರ್ಡಾಕ್ ಕಂತಿನ ಶೀರ್ಷಿಕೆ ಆ ಕಾದಂಬರಿಯ ಹೆಸರನ್ನು ನೆನಪಿಸುತ್ತದೆ. ಹೀಗೆ ನೋಡಿದರೆ ಬ್ರಿಸ್ಟಲ್‌ನಲ್ಲಿ ಕಂಗಾಲಾಗಿ ನಿಂತ ಪತ್ತೇದಾರ ಅವನ ಶತಮಾನಕ್ಕೇ ಸೇರಿದವನು. ನೆನಪು ಹೋಗುವ ಕಥೆ ಆ ಕಾಲಕ್ಕೆ ಹೊಂದುವುದಿಲ್ಲ ಎನ್ನುವವರಿಗೆ ನಾನು ಬೋರ್ನ್‌ನ ಕಥೆ ಹೇಳುತ್ತೇನೆ.

ಆ ಕಾಲದಲ್ಲಿ ಹೆಸರು ಮರೆತವನ ಪಾಡು ಎಂಥದ್ದು ಎಂಬುದನ್ನೂ ಯೋಚಿಸಬೇಕು. ಜೇಬಿನಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿ ಇಲ್ಲ. ದೂರವಾಣಿ ಸಾಗರ ದಾಟಿರಲಿಲ್ಲ. ಸಾಗರದಡಿಯ ತಂತಿಯಲ್ಲಿ ಸಂದೇಶ ಕಳುಹಿಸಬಹುದಿತ್ತು, ಆದರೆ ಯಾರಿಗೆ ಎಂದು ಗೊತ್ತಿದ್ದರೆ ತಾನೆ! ಬೆರಳ ಗುರುತಿನ ಮಾತಿಗೆ ಬಂದರೆ, ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಆರಂಭವಾದದ್ದು ನಮ್ಮ ಕಲ್ಕತ್ತೆಯಲ್ಲಿ, 1897ರಲ್ಲಿ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ದುಡಿಮೆ ಅದರ ಹಿಂದಿತ್ತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಅಂಥ ಕಚೇರಿ ಬಂದದ್ದು 1901ರಲ್ಲಿ. ಇತರರ ಬೆರಳ ಗುರುತನ್ನು ಶ್ರದ್ಧೆಯಿಂದ ಹುಡುಕುವ ಮರ್ಡಾಕ್‌ನ ಸ್ವಂತ ಬೆರಳು ಬ್ರಿಸ್ಟಲ್‌ನಲ್ಲಿ ಅವನಿಗೆ ಏನನ್ನೂ ಹೇಳಲಾರದು. ಹೋಲಿಸಿ ನೋಡಲು ಅಲ್ಲಿ ದಾಖಲೆಯೇ ಇಲ್ಲ.

ಇನ್ನು ಎರಡನೆಯ ತಕರಾರು. ಇದು ಅನಾಳ ಬಗ್ಗೆ, ಜೂಲಿಯಾಳ ಬಗ್ಗೆ. ನೆನಪಿಲ್ಲದ ದಿನಗಳಲ್ಲಿ ಮರ್ಡಾಕ್‌ಗೆ ಅನಾಳೊಂದಿಗೆ ಬೆಳೆಯುವ ಆಪ್ತತೆಯನ್ನು ಹೇಗೆ ನೋಡಬೇಕು? ಕೆಲವು ಅಭಿಮಾನಿಗಳು ಇದರಿಂದ ನಿಜವಾಗಿ ನೊಂದಿದ್ದಾರೆ. ನಾಯಕನಿಗೆ ಕಳಂಕ ತಟ್ಟದಂತೆ ಇನ್ನೊಬ್ಬ ಹೆಣ್ಣನ್ನು ಹತ್ತಿರ ತರಲು ಕಥೆಗಾರರು ಮರೆವನ್ನು ಬಳಸಿಕೊಂಡರು ಎಂಬುದು ಅವರ ದೂರು. ಈ ದೂರನ್ನು ಕೇಳಿದಾಗಲೆಲ್ಲ ನನಗೆ ದುಷ್ಯಂತ ನೆನಪಾಗುತ್ತಾನೆ. ಮಹಾಭಾರತದ ಆದಿಪರ್ವದಲ್ಲಿ ಅವನಿಗೆ ಶಕುಂತಲೆ ಚೆನ್ನಾಗಿ ನೆನಪಿದ್ದಳು. ನೆನಪಿದ್ದೂ ತುಂಬಿದ ಸಭೆಯಲ್ಲಿ ಅರಿಯೆನೆಂದ. ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ರಾಜನ ತಪ್ಪನ್ನು ಮರೆವಿಗೆ ಹೊರಿಸಿದವನು ಕಾಳಿದಾಸ. ಬಸವಪ್ಪ ಶಾಸ್ತ್ರಿಗಳ ಮೂಲಕ ಮೈಸೂರಿನ ರಂಗಭೂಮಿಗೆ ಬಂದದ್ದು ಈ ಮರೆತ ದುಷ್ಯಂತನೇ. ಶಾಪ ಇಳಿದ ಮೇಲೂ ಶಕುಂತಲೆ ಪಟ್ಟ ಅವಮಾನ ಎಲ್ಲಿ ಹೋಯಿತು ಎಂದು ಪ್ರಶ್ನಿಸುವ ಓದುಗರು ನಮ್ಮಲ್ಲಿಯೂ ಇದ್ದಾರೆ. ಜೂಲಿಯಾಳ ಪರ ನಿಂತ ಅಭಿಮಾನಿಗಳು ಕೇಳುವುದೂ ಅದನ್ನೇ.

ನನ್ನ ಮಟ್ಟಿಗೆ ಮರ್ಡಾಕ್ ಕಥೆಗಾರರು ಇಲ್ಲಿ ನ್ಯಾಯವಾಗಿ ನಡೆದುಕೊಂಡಿದ್ದಾರೆ. ಅನಾ ಆ ಒಂದು ಕಂತಿನೊಂದಿಗೆ ಅಳಿಸಿಹೋಗುವುದಿಲ್ಲ, ಮುಂದೆಯೂ ಕಥೆಗೆ ಮರಳಿ ಬರುತ್ತಾಳೆ. ಮರೆವಿನ ಕಾಲದಲ್ಲಿ ಹುಟ್ಟಿದ ನಂಟಿಗೆ ನೆನಪು ಬಂದ ಮರ್ಡಾಕ್ ಉತ್ತರ ಹೇಳಬೇಕಾಗುತ್ತದೆ. ಜೂಲಿಯಾಳ ಜೊತೆಗಿನ ಒಲವೂ ಆ ಹೊತ್ತಿಗೆ ನೆಲೆ ಕಂಡಿರಲಿಲ್ಲ. ಅವರಿಬ್ಬರ ಮದುವೆಗೆ ನೋಡುಗರು ಎಂಟನೆಯ ಸೀಸನ್‌ವರೆಗೆ ಕಾಯಬೇಕಾಯಿತು. ಮನಸ್ಸು ಖಾಲಿಯಾಗಿದ್ದಾಗಲೂ ಮರ್ಡಾಕ್ ಅನಾಳನ್ನು ಗೌರವದಿಂದ ಕಾಣುತ್ತಾನೆ. ನಾವು ಬಲ್ಲ ಮರ್ಡಾಕ್ ಅವನೇ.

ಧಾರಾವಾಹಿಯನ್ನು ಹೊಸದಾಗಿ ನೋಡಹೊರಟವರಿಗೆ ಒಂದು ಸಲಹೆ. ನನ್ನ ಮಾತು ಕೇಳಿ ನೇರವಾಗಿ ಈ ಕಂತನ್ನೇ ಹಾಕಬೇಡಿ. ಅವನು ಕಳೆದುಕೊಂಡದ್ದು ಏನೆಂದು ನಮಗೆ ಮೊದಲೇ ಗೊತ್ತಿರದಿದ್ದರೆ ಇದು ಬರೀ ಓಟದ, ಬೆನ್ನಟ್ಟುವ ಕಥೆಯಾಗಿ ಉಳಿಯುತ್ತದೆ. ಮೊದಲ ಎರಡು ಸೀಸನ್‌ಗಳಲ್ಲಿ ಹದಿಮೂರು ಹದಿಮೂರರಂತೆ 26 ಕಂತುಗಳಿವೆ. ಅವನ್ನು ನಿಧಾನವಾಗಿ ನೋಡಿ, ಠಾಣೆಯ ಜನರ ಪರಿಚಯ ಮಾಡಿಕೊಳ್ಳಿ, ಜೂಲಿಯಾಳ ಶವಾಗಾರದ ಮೇಜಿನ ಬಳಿ ಮರ್ಡಾಕ್ ಹೇಗೆ ನಿಲ್ಲುತ್ತಾನೆಂದು ಗಮನಿಸಿ. ಬ್ರಿಸ್ಟಲ್‌ಗೆ ಆಮೇಲೆ ಹೋಗಿ. ನೋಡಿದ ಮೇಲೆ ನೀವು ಯಾರ ಪರ ವಾದಿಸುತ್ತೀರೆಂದು ತಿಳಿಯುವ ಕುತೂಹಲ ನನಗಿದೆ.

ನಮಸ್ಕಾರ.