ಆ ದಿನಾಂಕ ನೋಡಿ ಸ್ವಾಮಿ

ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ಕೊಟ್ಟ ಕರಪತ್ರ ನೋಡಿದೆ. ‘ಲಂಡನ್ 2012, 50 ಕಿ.ಮೀ. ನಡಿಗೆ, ಚಿನ್ನ: ಸೆರ್ಗೆಯ್ ಕಿರ್ದ್ಯಾಪ್ಕಿನ್, ರಷ್ಯಾ’ ಎಂದು ಅಚ್ಚಾಗಿದೆ. ಮಾಡಿದವರನ್ನು ಬೈಯುತ್ತಿಲ್ಲ, ಹಳೇ ಪಟ್ಟಿ ಎಲ್ಲೋ ಸಿಕ್ಕಿರುತ್ತದೆ, ಆ ಒಲಿಂಪಿಕ್ಸ್ ಚಿನ್ನ ಈಗ ಅವರದ್ದಲ್ಲ. ಆದರೆ ಆ ಒಂದು ಸಾಲು ನೋಡಿದ ಮೇಲೆ, ಸೊಂಟ ತಿರುಗಿಸುವುದು ಹೇಗೆ, ಕೈ ಬೀಸುವುದು ಹೇಗೆ ಅಂತ ಬರೆದುಕೊಂಡು ಬಂದಿದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಅದನ್ನು ಮಧ್ಯಾಹ್ನ ಮೈದಾನದಲ್ಲೇ ನೋಡೋಣ.

ಈ ಕಿರ್ದ್ಯಾಪ್ಕಿನ್ 1980ರಲ್ಲಿ ರಷ್ಯಾದ ಮೊರ್ಡೋವಿಯಾ ಪ್ರಾಂತ್ಯದಲ್ಲಿ ಹುಟ್ಟಿದವರು. ಅದರ ರಾಜಧಾನಿ ಸರಾನ್ಸ್ಕ್. ನಡಿಗೆಯವರಿಗೆ ಆ ಊರಿನ ಹೆಸರು ಹೇಳಿಕೊಡಬೇಕಾಗಿಲ್ಲ. ವಿಕ್ಟರ್ ಚೆಗಿನ್ ಎಂಬ ಕೋಚ್ ಅಲ್ಲಿ ಚಾಂಪಿಯನ್ನರನ್ನು ಸಾಲಾಗಿ ತಯಾರು ಮಾಡುತ್ತಿದ್ದರು. ಕನಿಸ್ಕಿನಾ, ಬೊರ್ಚಿನ್, ಲಶ್ಮನೋವಾ ಎಲ್ಲರೂ ಅಲ್ಲಿಯವರೇ. ಬದುಕಿರುವಾಗಲೇ ತರಬೇತಿ ಕೇಂದ್ರಕ್ಕೆ ಚೆಗಿನ್ ಹೆಸರಿಟ್ಟಿದ್ದರು ಅಂದರೆ ಲೆಕ್ಕ ಹಾಕಿ. (ಇಲ್ಲಿರುವ ಕೋಚ್‌ಗಳು ಆಸೆಪಡಬೇಡಿ, ಮುಂದೆ ಕೇಳಿ.)

ಕಿರ್ದ್ಯಾಪ್ಕಿನ್ 2005ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್. 2009ರಲ್ಲಿ ಬರ್ಲಿನ್‌ನಲ್ಲಿ ಇನ್ನೊಂದು ಚಿನ್ನ. ಆಮೇಲೆ ಲಂಡನ್, 2012ರ ಆಗಸ್ಟ್ 11. ಎರಡು ಕಿ.ಮೀ. ಸುತ್ತನ್ನು 25 ಸಲ ಸುತ್ತಿ, 3 ಗಂಟೆ 35 ನಿಮಿಷ 59 ಸೆಕೆಂಡಿಗೆ ಮುಗಿಸಿದರು. ಒಲಿಂಪಿಕ್ ದಾಖಲೆ ಎಂದು ಘೋಷಿಸಿದರು. ಒಂದು ಕಿ.ಮೀ.ಗೆ ಸುಮಾರು 4 ನಿಮಿಷ 19 ಸೆಕೆಂಡು, ಅದೂ ಒಂದಾದ ಮೇಲೊಂದು ಐವತ್ತು! ನಮ್ಮಲ್ಲಿ ಬೆಳಗ್ಗೆ ಪಾರ್ಕಲ್ಲಿ ಓಡುವವರು ಆ ವೇಗದಲ್ಲಿ ಒಂದು ಕಿ.ಮೀ. ಓಡಿದರೆ ಫೇಸ್‌ಬುಕ್‌ಗೆ ಫೋಟೋ ಹಾಕುತ್ತಾರೆ.

ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿದ್ದರು. ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟವಾ, ಮುಂದಿಟ್ಟ ಕಾಲಿನ ಮೊಣಕಾಲು ಮಡಚಿತಾ ಅಂತ ಬರಿಗಣ್ಣಲ್ಲೇ ನೋಡುತ್ತಿದ್ದರು. ಆದರೆ ಅವರ ಕಣ್ಣಿಗೆ ರಕ್ತ ಕಾಣುವುದಿಲ್ಲವಲ್ಲ. ಅದನ್ನು ಕಂಡಿದ್ದು ಬಯಾಲಜಿಕಲ್ ಪಾಸ್‌ಪೋರ್ಟ್. ವರ್ಷಗಟ್ಟಲೆ ರಕ್ತ ತೆಗೆದು ಹಿಮೋಗ್ಲೋಬಿನ್ ಹೇಗೆ ಏರುತ್ತದೆ, ಇಳಿಯುತ್ತದೆ ಎಂದು ಬರೆದಿಡುತ್ತಾರೆ. ಔಷಧಿ ಸಿಗದಿದ್ದರೂ ಅದರ ಗುರುತು ಸಿಗುತ್ತದೆ.

ಈಗ ನಾನು ಹೇಳಬೇಕೆಂದಿರುವ ಕಥೆಗೆ ಬರುತ್ತೇನೆ. 2015ರ ಜನವರಿಯಲ್ಲಿ ರಷ್ಯಾದ ಡೋಪಿಂಗ್ (ಅಂದರೆ ನಿಷೇಧಿತ ಔಷಧಿ ಬಳಕೆ) ವಿರೋಧಿ ಸಂಸ್ಥೆಯೇ ಈತ ತಪ್ಪು ಮಾಡಿದ್ದಾನೆ ಎಂದು ಒಪ್ಪಿತು. ಮೂರು ವರ್ಷ ಎರಡು ತಿಂಗಳ ನಿಷೇಧವನ್ನೂ ಹಾಕಿತು. ಭೇಷ್ ಅನ್ನಬೇಕು, ಅಲ್ವಾ? ತಡೆಯಿರಿ, ದಿನಾಂಕ ನೋಡಿ. ಯಾವ ಯಾವ ಫಲಿತಾಂಶ ರದ್ದು ಅಂತ ತುಂಡು ತುಂಡಾಗಿ ಬರೆದಿದ್ದರು. 2009ರ ಬೇಸಿಗೆಯಲ್ಲಿ ಒಂದು ತುಂಡು, 2010ರಲ್ಲಿ ಇನ್ನೊಂದು, 2011ರ ಡಿಸೆಂಬರ್‌ನಿಂದ 2012ರ ಜೂನ್‌ವರೆಗೆ ಮತ್ತೊಂದು. ಜೂನ್‌ಗೆ ನಿಲ್ಲಿಸಿಬಿಟ್ಟರು! ಲಂಡನ್ ಇದ್ದದ್ದು ಆಗಸ್ಟ್‌ನಲ್ಲಿ. ಹುಡುಗ ಎಲ್ಲ ಪರೀಕ್ಷೆಯಲ್ಲೂ ಕಾಪಿ ಹೊಡೆದಿದ್ದಾನೆ, ರ‍್ಯಾಂಕ್ ಬಂದ ಪರೀಕ್ಷೆಯೊಂದನ್ನು ಬಿಟ್ಟು ಎಂದು ಹೆಡ್‌ಮಾಸ್ಟರು ಸಹಿ ಹಾಕಿದ ಹಾಗೆ. ಬರ್ಲಿನ್ ಹೋಗಲಿ, ಒಲಿಂಪಿಕ್ಸ್ ಚಿನ್ನ ಉಳಿಯಲಿ ಅಂತ ಯಾರೋ ಕ್ಯಾಲೆಂಡರ್ ಮುಂದೆ ಇಟ್ಟುಕೊಂಡೇ ಗೆರೆ ಎಳೆದಿದ್ದಾರೆ ಅಂತ ನನಗನ್ನಿಸುತ್ತದೆ.

ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಸುಮ್ನೆ ಕೂರಲಿಲ್ಲ, ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. 2016ರ ಮಾರ್ಚ್‌ನಲ್ಲಿ ತೀರ್ಪು ಬಂತು. ತುಂಡುಗಳೆಲ್ಲ ಹೋಗಿ 2009ರ ಆಗಸ್ಟ್‌ನಿಂದ 2012ರ ಅಕ್ಟೋಬರ್‌ವರೆಗೆ ಒಂದೇ ಗೆರೆ. ಲಂಡನ್ ಅದರೊಳಗೆ ಬಂತು. ಅಷ್ಟರಲ್ಲಿ ಅವರ ನಿಷೇಧವೇ ಮುಗಿದಿತ್ತು, ಅದನ್ನೂ ಗಮನಿಸಿ.

ಇನ್ನು ಜ್ಯಾರೆಡ್ ಟ್ಯಾಲೆಂಟ್. ಆಸ್ಟ್ರೇಲಿಯಾದ ಬಲ್ಲರಾಟ್ ಕಡೆ ಆಲೂಗಡ್ಡೆ ಬೆಳೆಯುವವರ ಮನೆ ಹುಡುಗ. ಲಂಡನ್‌ನಲ್ಲಿ 54 ಸೆಕೆಂಡು ಹಿಂದೆ ಬಂದು ಬೆಳ್ಳಿ ತಗೊಂಡರು. ಅದಕ್ಕೂ ಮೊದಲು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೂ 50 ಕಿ.ಮೀ.ಗೆ ಬೆಳ್ಳಿಯೇ. ಅಲ್ಲಿ ಗೆದ್ದ ಇಟಲಿಯ ಶ್ವಾಜರ್ 2012ರಲ್ಲಿ ಇಪಿಒ ಎಂಬ, ರಕ್ತದ ಕೆಂಪು ಕಣ ಹೆಚ್ಚಿಸುವ ಔಷಧಿ ತಗೊಂಡು ಸಿಕ್ಕಿಬಿದ್ದರು, ಆದರೆ ಬೀಜಿಂಗ್ ಚಿನ್ನ ಅವರಲ್ಲೇ ಉಳಿಯಿತು. ಮತ್ತೆ ಅದೇ ಮಾತು, ದಿನಾಂಕ! ಟ್ಯಾಲೆಂಟ್‌ಗೆ ಲಂಡನ್ ಚಿನ್ನ ಕೈಗೆ ಬಂದಿದ್ದು 2016ರ ಜೂನ್‌ನಲ್ಲಿ, ಮೆಲ್ಬೋರ್ನ್‌ನ ಹಳೇ ಖಜಾನೆ ಕಟ್ಟಡದ ಮೆಟ್ಟಿಲ ಮೇಲೆ. ನಾಲ್ಕನೆಯವರಾಗಿ ಬಂದಿದ್ದ ಐರ್ಲೆಂಡಿನ ರಾಬ್ ಹೆಫರ್ನನ್‌ಗೆ ಅದೇ ವರ್ಷ ಅವರದೇ ಊರು ಕಾರ್ಕ್‌ನಲ್ಲಿ ಕಂಚು ಕೊಟ್ಟರು. ಊರವರ ಮುಂದೆ ಸಿಕ್ಕಿತು, ಚೆನ್ನಾಗಿಯೇ ಇತ್ತು ಅನ್ನಬಹುದು. ಆದರೆ 2012ರಲ್ಲೇ ಪದಕ ಸಿಕ್ಕಿದ್ದರೆ ಬರುತ್ತಿದ್ದ ಪ್ರಾಯೋಜಕರು, ಆ ನಾಲ್ಕು ವರ್ಷ? ಅದಕ್ಕೆ ಯಾವ ನ್ಯಾಯಾಲಯ ಗೆರೆ ಎಳೆಯುತ್ತದೆ?

ಚೀಟಿ ಬಂತು, ಐದೇ ನಿಮಿಷ ಅಂತೆ. ಚೆಗಿನ್ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅವರಿಗೆ 2016ರಲ್ಲೇ ಆಜೀವ ನಿಷೇಧ ಬಿತ್ತು. ಅವರ ಕೈಕೆಳಗೆ ಸಿಕ್ಕಿಬಿದ್ದವರು ಇಪ್ಪತ್ತಕ್ಕೂ ಹೆಚ್ಚು. ಇಷ್ಟು ಜನ ಒಂದೇ ಛಾವಣಿಯ ಕೆಳಗೆ ಕೆಟ್ಟರೆ ಅದನ್ನು ಒಬ್ಬೊಬ್ಬರ ಚಪಲ ಅಂತ ನಾನು ಒಪ್ಪುವುದಿಲ್ಲ. ಹಾಗಂತ ಕಿರ್ದ್ಯಾಪ್ಕಿನ್ ಪಾಪದ ಹುಡುಗ ಅಂತಲೂ ಅಲ್ಲ, ಲಂಡನ್ ಹೊತ್ತಿಗೆ ಅವರಿಗೆ 32. ಮಹಿಳೆಯರ 20 ಕಿ.ಮೀ. ಇನ್ನೂ ದೊಡ್ಡ ಕಥೆ. ಲಂಡನ್‌ನಲ್ಲಿ ಮೊದಲ ಎರಡು ಸ್ಥಾನ ರಷ್ಯಾದವರದ್ದು, ಎರಡೂ ಹೋದವು. ಮೂರನೆಯವರಾಗಿದ್ದ ಚೀನಾದ ಟಿಬೆಟಿಯನ್ ಹುಡುಗಿ ಚಿಯೆಯಾಂಗ್ ಶೆಂಜಿಯೆಗೆ ಚಿನ್ನ ಸಲ್ಲಬೇಕು ಎಂದು ದಾರಿಯಾಗಿದ್ದು 2022ರಲ್ಲಿ. ಹತ್ತು ವರ್ಷ! ಒಲಿಂಪಿಕ್ಸ್‌ನಲ್ಲಿ 50 ಕಿ.ಮೀ. ಸ್ಪರ್ಧೆಯೇ ಟೋಕಿಯೊ ಆದಮೇಲೆ ನಿಂತುಹೋಯಿತು, ಅದರ ಬಗ್ಗೆ ಊಟದ ಹೊತ್ತಲ್ಲಿ ಜಗಳ ಆಡೋಣ.

ಕರಪತ್ರದ ಎರಡನೇ ಪುಟ, ಮೇಲಿಂದ ಆರನೇ ಸಾಲು. ಪೆನ್ನಿದ್ದವರು ಕಿರ್ದ್ಯಾಪ್ಕಿನ್ ಹೆಸರು ಹೊಡೆದುಹಾಕಿ ಪಕ್ಕದಲ್ಲಿ ‘ಜ್ಯಾರೆಡ್ ಟ್ಯಾಲೆಂಟ್, 3:36:53’ ಎಂದು ಬರೆದುಕೊಳ್ಳಿ. ಹೆಲ್ಸಿಂಕಿ 2005ರ ಸಾಲನ್ನು ಮುಟ್ಟಬೇಡಿ, ಅದು ಇನ್ನೂ ಕಿರ್ದ್ಯಾಪ್ಕಿನ್ ಅವರದ್ದೇ.