ಸಿಡಿಮದ್ದಿಗೆ ಕಡಿವಾಣ ಹಾಕಿದ ಫ್ರೆಡೆರಿಕ್ ಏಬಲ್

ಮಾನ್ಯರೇ,

ಸ್ಫೋಟಕಗಳ ಮಾತು ಬಂದಾಗ ನಮಗೆ ಥಟ್ಟನೆ ನೆನಪಾಗುವುದು ಆಲ್ಫ್ರೆಡ್ ನೊಬೆಲ್. ಇಂದು ನಾನು ಹೇಳಹೊರಟಿರುವುದು ಅವರ ಸಮಕಾಲೀನ, ಕೊನೆಗೆ ಎದುರಾಳಿಯೂ ಆದ ಸರ್ ಫ್ರೆಡೆರಿಕ್ ಏಬಲ್ ಅವರ ಬಗ್ಗೆ. 1827ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಹಾಫ್‌ಮನ್ ಅವರಲ್ಲಿ ರಸಾಯನಶಾಸ್ತ್ರ ಕಲಿತರು. ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಮೈಕೇಲ್ ಫ್ಯಾರಡೆಯವರಿಂದ ತೆರವಾದ ಸ್ಥಾನಕ್ಕೆ ಬಂದರು. 1854ರಿಂದ 1888ರವರೆಗೆ ಯುದ್ಧ ಇಲಾಖೆಯ ರಸಾಯನಶಾಸ್ತ್ರಜ್ಞರಾಗಿದ್ದರು. ಬಿರುದು ಬಾವಲಿಗಳ ಪಟ್ಟಿ ಉದ್ದವಿದೆ, ಅದನ್ನು ಬಿಡೋಣ. ಮದ್ದನ್ನು ಸಿಡಿಸಿದವರು ಹಲವರು. ಬೇಡದ ಹೊತ್ತಿನಲ್ಲಿ ಅದು ಸಿಡಿಯದಂತೆ ನೋಡಿಕೊಂಡದ್ದೇ ಏಬಲ್ ಅವರ ದೊಡ್ಡಸ್ತಿಕೆ ಎಂಬುದು ನನ್ನ ಎಣಿಕೆ.

ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಗನ್‌ಕಾಟನ್ ಎಂಬ ಸ್ಫೋಟಕ ಆಗುತ್ತದೆ. ನೋಡಲು ಮಾಮೂಲಿ ಹತ್ತಿಯೇ. 1847ರಲ್ಲಿ ಇಂಗ್ಲೆಂಡಿನ ಫೇವರ್‌ಶ್ಯಾಮ್‌ನ ಕಾರ್ಖಾನೆಯಲ್ಲಿ ಅದು ಸಿಡಿದು ಸುಮಾರು 20 ಜನ ಸತ್ತರು. ಮುಂದೆ ಆಸ್ಟ್ರಿಯದಲ್ಲಿ ಅದನ್ನು ಕೂಡಿಟ್ಟಿದ್ದ ಮದ್ದಿನ ಮನೆಗಳೇ ಹಾರಿಹೋದವು. ಎಲ್ಲರೂ ಕೈಬಿಡುವ ಹಂತಕ್ಕೆ ಬಂದಿದ್ದಾಗ ಏಬಲ್ ಕಾರಣ ಹುಡುಕಿದರು. ಹತ್ತಿಯ ಎಳೆ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಉಳಿದ ಆಮ್ಲ ಎಷ್ಟು ತೊಳೆದರೂ ಹೋಗದೆ, ಸದ್ದಿಲ್ಲದೆ ಸರಕನ್ನು ಕೆಡಿಸುತ್ತಾ ಕಾವೇರಿಸುತ್ತಿತ್ತು. 1865ರಲ್ಲಿ ಅವರು ಪೇಟೆಂಟ್ ಪಡೆದ ಉಪಾಯವೆಂದರೆ, ಕಾಗದದ ಕಾರ್ಖಾನೆಯ ಯಂತ್ರದಲ್ಲಿ ಗನ್‌ಕಾಟನ್ನನ್ನು ನೀರಿನೊಂದಿಗೆ ಅರೆದು, ಎಳೆಗಳನ್ನು ತುಂಡರಿಸಿ, ಆ ತಿರುಳನ್ನು ಮತ್ತೆ ಮತ್ತೆ ತೊಳೆಯುವುದು.

ತೊಳೆದದ್ದು ಸಾಕೆಂದು ತಿಳಿಯುವುದು ಹೇಗೆ? ಅದಕ್ಕೂ ಅವರದೇ ಪರೀಕ್ಷೆ. ನಳಿಕೆಯಲ್ಲಿ ಚೂರು ಗನ್‌ಕಾಟನ್ ಹಾಕಿ, ಮೇಲೆ ಪಿಷ್ಟ ಮತ್ತು ಪೊಟ್ಯಾಸಿಯಮ್ ಅಯೋಡೈಡ್ ಸವರಿದ ಕಾಗದದ ಪಟ್ಟಿ ತೂಗುಬಿಟ್ಟು, ಹದವಾಗಿ ಬಿಸಿ ಮಾಡಬೇಕು. ಕಾಗದದ ಅರ್ಧ ಭಾಗ ಒದ್ದೆ, ಅರ್ಧ ಒಣಗಿದ್ದು. ಎರಡೂ ಕೂಡುವಲ್ಲಿ ತೆಳುವಾದ ಕಂದು ಗೆರೆ ಮೂಡಲು ಹಿಡಿದ ನಿಮಿಷಗಳನ್ನು ಎಣಿಸಬೇಕು. ಗೆರೆ ಬೇಗ ಮೂಡಿದರೆ ಸರಕು ಅಪಾಯಕಾರಿ. ಅಷ್ಟಾದರೂ 1871ರಲ್ಲಿ ಇಂಗ್ಲೆಂಡಿನ ಸ್ಟೋಮಾರ್ಕೆಟ್‌ನ ಗನ್‌ಕಾಟನ್ ಕಾರ್ಖಾನೆ ಸ್ಫೋಟಿಸಿ 20ಕ್ಕೂ ಹೆಚ್ಚು ಮಂದಿ ಮಡಿದರು. ಪರೀಕ್ಷೆ ಮುಗಿದ ಮೇಲೆ ಯಾರೋ ಆಮ್ಲ ಬೆರೆಸಿದ್ದಾರೆ ಎಂದು ವಿಚಾರಣೆಯ ಜ್ಯೂರಿ ತೀರ್ಮಾನಿಸಿತು.

ಇನ್ನು ಕಾರ್ಡೈಟ್ ಎಂಬ ಬಂದೂಕಿನ ಮದ್ದಿನ ಪ್ರಕರಣ. ಹೊಗೆರಹಿತ ಮದ್ದಿಗಾಗಿ 1888ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಏಬಲ್ ಮತ್ತು ಇನ್ನೊಬ್ಬ ವಿಜ್ಞಾನಿ ಜೇಮ್ಸ್ ಡೀವರ್ ಇದ್ದರು. ನೊಬೆಲ್ ತಮ್ಮ ಹೊಗೆರಹಿತ ಮದ್ದಾದ ಬ್ಯಾಲಿಸ್ಟೈಟ್‌ನ ವಿವರಗಳನ್ನು ನಂಬಿಕೆಯಿಂದ ಅವರ ಮುಂದಿಟ್ಟರು. 1889ರಲ್ಲಿ ಈ ಇಬ್ಬರೇ ಕಾರ್ಡೈಟ್‌ಗೆ ಪೇಟೆಂಟ್ ಪಡೆದರು! ಅದರಲ್ಲಿ ಶೇಕಡ 58 ನೈಟ್ರೋಗ್ಲಿಸರಿನ್, 37 ಗನ್‌ಕಾಟನ್, 5 ವ್ಯಾಸಲೀನ್. ನೊಬೆಲ್ ಅವರ ಕಂಪನಿ ದಾವೆ ಹೂಡಿ 1895ರಲ್ಲಿ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ನಲ್ಲೂ ಸೋತಿತು. ನೊಬೆಲ್ ಪೇಟೆಂಟಿನಲ್ಲಿದ್ದದ್ದು ಕರಗುವ ಜಾತಿಯ ನೈಟ್ರೋಸೆಲ್ಯುಲೋಸ್ (ಗನ್‌ಕಾಟನ್ ಕೂಡ ಇದರ ಒಂದು ಬಗೆ), ಕಾರ್ಡೈಟ್‌ನಲ್ಲಿದ್ದದ್ದು ಕರಗದ್ದು ಎಂಬ ಎಳೆಯ ಮೇಲೆ ತೀರ್ಪು ನಿಂತಿತು. ಕಾನೂನು ಏಬಲ್ ಪರವಾಗಿತ್ತು. ನ್ಯಾಯವೂ ಇತ್ತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಊಟಿ ರೈಲಿನಲ್ಲಿ ಹೋದವರು ಕೂನೂರು ದಾಟಿದ ಮೇಲೆ ಬರುವ ಅರುವಂಕಾಡು ನಿಲ್ದಾಣವನ್ನು ನೋಡಿರುತ್ತೀರಿ. ಅಲ್ಲಿನ ಕಾರ್ಖಾನೆ ಹುಟ್ಟಿದ್ದು ಇದೇ ಕಾರ್ಡೈಟ್‌ಗಾಗಿ.

ಏಬಲ್ ಅವರ ಇನ್ನೊಂದು ಕೆಲಸ ಸೀಮೆಎಣ್ಣೆಗೆ ಸಂಬಂಧಿಸಿದ್ದು. ಎಣ್ಣೆ ಎಷ್ಟು ಬಿಸಿಯಲ್ಲಿ ಹೊತ್ತಿಕೊಳ್ಳುವ ಆವಿ ಬಿಡುತ್ತದೆ ಎಂಬುದನ್ನು ಆಗ ತೆರೆದ ಬಟ್ಟಲಿನಲ್ಲಿ ಅಳೆಯುತ್ತಿದ್ದರು. ಸ್ವಲ್ಪ ಗಾಳಿ ಬೀಸಿದರೂ ಆವಿ ಚದುರಿ ಲೆಕ್ಕ ತಪ್ಪುತ್ತಿತ್ತು. ಏಬಲ್ ಬಟ್ಟಲಿಗೆ ಮುಚ್ಚಳ ಹಾಕಿದರು. ಮುಚ್ಚಳದ ಕಿಂಡಿ ಸರಿಸಿ ಪುಟ್ಟ ಜ್ವಾಲೆಯನ್ನು ಒಳಕ್ಕೆ ಇಳಿಸಿದಾಗ ಭಗ್ಗೆಂದು ಮಿಂಚಿದರೆ, ಆ ಉಷ್ಣಾಂಶವೇ ಫ್ಲ್ಯಾಶ್ ಪಾಯಿಂಟ್. 1879ರ ಬ್ರಿಟಿಷ್ ಕಾಯ್ದೆ ಈ ಉಪಕರಣವನ್ನು ಒಪ್ಪಿ 73 ಡಿಗ್ರಿ ಫ್ಯಾರನ್‌ಹೀಟ್ ಮಿತಿ ಹಾಕಿತು. ಸೆಲ್ಸಿಯಸ್ ಲೆಕ್ಕದಲ್ಲಿ 22.8. ಇಂದು ನಮ್ಮ ಪೆಟ್ರೋಲಿಯಂ ಕಾಯ್ದೆಯೂ 23 ಡಿಗ್ರಿಗಿಂತ ಕೆಳಗಿನ ಫ್ಲ್ಯಾಶ್ ಪಾಯಿಂಟ್ ಇರುವುದನ್ನು ‘ಎ’ ವರ್ಗಕ್ಕೆ ಸೇರಿಸುತ್ತದೆ. ನಮ್ಮ ಬಂಕುಗಳ ಪೆಟ್ರೋಲ್ ಆ ವರ್ಗದ್ದು.