ಆಲಿಸ್‌ಳ ಮಾತು ಯಾರೂ ಬರೆದುಕೊಳ್ಳಲಿಲ್ಲ

ನಮಸ್ಕಾರ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್‌ರ ‘ಬ್ಲ್ಯಾಕ್‌ಮೇಲ್’ ಅಂದರೆ ಎಲ್ಲರೂ ಮೊದಲು ಹೇಳುವುದು ಒಂದೇ: 1929ರ ಸಿನಿಮಾ, ಬ್ರಿಟನ್ನಿನ ಮೊದಮೊದಲ ಟಾಕಿಗಳಲ್ಲಿ ಒಂದು. ಸರಿ. ಆದರೆ ನನ್ನನ್ನು ಕಾಡುವುದು ಅದರ ಕೊನೆ. ಕತೆ ಪೂರ್ತಿ ಹೇಳುತ್ತೇನೆ. ನೋಡದವರು ಮೊದಲು ನೋಡಿ ಬನ್ನಿ.

ಆಲಿಸ್ ಲಂಡನ್ನಿನ ಒಬ್ಬ ಅಂಗಡಿಯವನ ಮಗಳು. ಗೆಳೆಯ ಫ್ರಾಂಕ್ ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ನ ಪತ್ತೇದಾರ. ಅವನ ಮೇಲೆ ಮುನಿಸಿಕೊಂಡು ಒಬ್ಬ ಚಿತ್ರಕಾರನ ಜೊತೆ ಹೋಗುತ್ತಾಳೆ. ಆ ಮನುಷ್ಯ ಬಲಾತ್ಕಾರಕ್ಕೆ ಬರುತ್ತಾನೆ. ಕೈಗೆ ಸಿಕ್ಕ ಬ್ರೆಡ್ ಚಾಕುವಿನಿಂದ ಅವನನ್ನು ಕೊಲ್ಲುತ್ತಾಳೆ.

ಈ ಸಿನಿಮಾಗೆ ಮೂಲ ಚಾರ್ಲ್ಸ್ ಬೆನೆಟ್ ಬರೆದ ನಾಟಕ. ನಾಟಕಕ್ಕೆ ಮಾತೇ ಬಂಡವಾಳ, ಅಲ್ವಾ? ಹಿಚ್‌ಕಾಕ್ ಆ ಮಾತನ್ನೇ ಅಳಿಸಿದರು. ಮರುದಿನ ಬೆಳಿಗ್ಗೆ, ತಿಂಡಿ ಹೊತ್ತು. ನೆರೆಮನೆಯ ಹೆಂಗಸು ಕೊಲೆ ಬಗ್ಗೆ ಒಂದೇ ಸಮನೆ ಕೊರೆಯುತ್ತಿದ್ದಾಳೆ. ಬರುಬರುತ್ತಾ ಮಾತೆಲ್ಲ ಗುಜುಗುಜು ಆಗುತ್ತದೆ. ‘ಚಾಕು’ ಅನ್ನುವುದಷ್ಟೇ ಪದೇ ಪದೇ ಕಿವಿಗೆ ಬಡಿಯುತ್ತದೆ. ಅಷ್ಟರಲ್ಲಿ ಅಪ್ಪ ಬ್ರೆಡ್ ಕತ್ತರಿಸು ಅನ್ನುತ್ತಾನೆ. ಅವಳ ಕೈಯಿಂದ ಚಾಕು ಚಿಮ್ಮಿ ಬೀಳುತ್ತದೆ. ಆ ಹೊತ್ತಿಗೆ ನಾವು ಆಲಿಸ್‌ಳ ಕಿವಿಯಿಂದಲೇ ಕೇಳುತ್ತಿರುತ್ತೇವೆ. ಶಬ್ದ ಬಂದ ಮೊದಲ ವರ್ಷಗಳಲ್ಲೇ ಇಂಥ ಯೋಚನೆ!

ಆದರೆ ಸಿನಿಮಾದಲ್ಲಿ ಕೇಳುವ ಆಲಿಸ್‌ಳ ದನಿ ಆ ಪಾತ್ರ ಮಾಡಿದ ನಟಿಯದ್ದಲ್ಲ. ಆ ನಟಿ ಆ್ಯನಿ ಒಂಡ್ರಾ ಜೆಕ್ ಮಾತಿನವರು. ಅವರ ಇಂಗ್ಲಿಷ್ ಉಚ್ಚಾರ ಪಾತ್ರಕ್ಕೆ ಹೊಂದಲಿಲ್ಲ. ಆಗಿನ್ನೂ ಡಬ್ಬಿಂಗ್ ಅನುಕೂಲ ಇರಲಿಲ್ಲ. ಇನ್ನೊಬ್ಬ ನಟಿ ಜೋನ್ ಬ್ಯಾರಿ ಕ್ಯಾಮೆರಾ ಆಚೆ ನಿಂತು ಮಾತಾಡಿದರು, ಒಂಡ್ರಾ ತುಟಿ ಆಡಿಸಿದರು.

ಈಗ ಕೊನೆಗೆ ಬರೋಣ. ಟ್ರೇಸಿ ಎಂಬವನು ಆಲಿಸ್‌ಳ ಗುಟ್ಟು ಹಿಡಿದು ಹೆದರಿಸಲು ಬರುತ್ತಾನೆ. ಫ್ರಾಂಕ್ ಗುಮಾನಿಯನ್ನು ಅವನ ಮೇಲೆಯೇ ತಿರುಗಿಸುತ್ತಾನೆ. ಪೊಲೀಸರು ಅಟ್ಟಿದಾಗ ಟ್ರೇಸಿ ಬ್ರಿಟಿಷ್ ಮ್ಯೂಸಿಯಂನ ಗುಮ್ಮಟದಿಂದ ಬಿದ್ದು ಸಾಯುತ್ತಾನೆ. ಇತ್ತ ಆಲಿಸ್ ತಪ್ಪೊಪ್ಪಿಕೊಳ್ಳಲು ಸ್ಕಾಟ್ಲೆಂಡ್ ಯಾರ್ಡ್‌ಗೆ ಹೋಗುತ್ತಾಳೆ. ಹೇಳಬೇಕು ಅನ್ನುವಷ್ಟರಲ್ಲಿ ಫೋನ್ ಬರುತ್ತದೆ. ದೊಡ್ಡ ಅಧಿಕಾರಿ ‘ನೀನೇ ವಿಚಾರಿಸು’ ಅಂತ ಫ್ರಾಂಕ್‌ಗೆ ಒಪ್ಪಿಸಿಬಿಡುತ್ತಾನೆ.

ಹಿಚ್‌ಕಾಕ್‌ಗೆ ಬೇಕಿದ್ದ ಕೊನೆಯಲ್ಲಿ ಆಲಿಸ್ ಬಂಧನವಾಗಬೇಕಿತ್ತು. ನಿರ್ಮಾಪಕರಿಗೆ ಅಂಥ ದುಃಖದ ಕೊನೆ ಬೇಡವಾಯಿತು. ಅಯ್ಯೋ, ಕೆಡಿಸಿದರು ಅಂತ ಬಹಳ ಜನ ಅನ್ನುತ್ತಾರೆ. ನನಗೆ ಈಗಿರುವ ಕೊನೆಯೇ ಹೆಚ್ಚು ಕ್ರೂರ ಅನಿಸುತ್ತದೆ. ಬಂಧಿಸಿದ್ದರೆ ಅವಳ ಹೇಳಿಕೆಯನ್ನು ಯಾರಾದರೂ ಬರೆದುಕೊಳ್ಳುತ್ತಿದ್ದರು. ‘ನನ್ನನ್ನು ಕಾಪಾಡಿಕೊಳ್ಳಲು ಹೊಡೆದೆ’ ಅಂತ ಕೋರ್ಟಿನಲ್ಲಿ ಹೇಳಬಹುದಿತ್ತು. ಈಗ ಅದನ್ನು ಹೇಳಲು ಅವಳಿಗೆ ಜಾಗವೇ ಇಲ್ಲ. ಗುಟ್ಟು ಫ್ರಾಂಕ್ ಹತ್ತಿರ ಉಳಿಯಿತು. ಟ್ರೇಸಿಗಿದ್ದ ಹಿಡಿತ ಅವನಿಗೆ ಬಂತು, ಅದೂ ಬದುಕಿಡೀ. ಇದನ್ನು ಸುಖಾಂತ್ಯ ಅನ್ನುವವರ ಮಾತು ನಾನು ಒಪ್ಪಲಾರೆ.